ಉಪಚಾರ ತಂಡದ ವಿಷಯವಾಗಿ

ಕಾರ್ಖಾನೆಯ ವಸತಿಗೃಹಗಳು,
ಹಿಂದಿನ ಸಾಲು, ಮೂಲೆಯ ಮನೆ.
ಸೋಮವಾರ, ಮಧ್ಯಾಹ್ನ.

ಪ್ರೀತಿಯ ಮಗನಿಗೆ,

ನಿನ್ನ ತಾಯಿಯ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಕೇಂದ್ರ ಕಚೇರಿಯ ಹೊಸ ಕುರ್ಚಿಯಲ್ಲಿ ಕುಳಿತ ಮೇಲೆ ಬೆನ್ನುನೋವು ಕಡಿಮೆಯಾಯಿತೇ, ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೇ, ಮೊಮ್ಮಗಳಿಗೆ ಮುಂದಿನ ಹಲ್ಲು ಬಂತೇ, ಸೊಸೆಗೆ ಹೊಸ ಮನೆಯ ನೀರು ಒಗ್ಗಿತೇ ಎಂಬುದನ್ನೆಲ್ಲ ತಿಳಿಸತಕ್ಕದ್ದು. ಪತ್ರದ ಈ ಜಾಗದಲ್ಲಿ ಇಲ್ಲಿ ನಾವೆಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ನಿನ್ನ ಅಕ್ಕ ಶುಕ್ರವಾರ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಕಣ್ಣು ಉಳಿದಿದೆ, ಧ್ವನಿ ಉಳಿದಿಲ್ಲ. ಗಂಟಲೊಳಗೆ ಸುಟ್ಟಿರುವುದರಿಂದ ಪಿಸುಮಾತಿಗಿಂತ ಹೆಚ್ಚು ಆಡಕೂಡದೆಂದು ವೈದ್ಯರ ಆಜ್ಞೆ. ನೋವಿಗಿಂತಲೂ ಬಾಯಿ ತುಂಬ ಬೈಯಲಾಗದ ಸಂಕಟವೇ ಅವಳಿಗೆ ದೊಡ್ಡದಾಗಿದೆ. ಗಂಜಿ ತಣ್ಣಗಾದರೆ ತಟ್ಟೆಗೆ ಚಮಚದಿಂದ ಹೊಡೆಯುತ್ತಾಳೆ. ನಾನು ತಡಮಾಡಿದರೆ ಇನ್ನೂ ಜೋರಾಗಿ ಹೊಡೆಯುತ್ತಾಳೆ. ಚಮಚಕ್ಕೆ ಇಷ್ಟು ಬೈಗುಳ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅನಿಲ ಸೋರಿದ ಮೇಲೆ ನೀನು ಎರಡು ಬಾರಿ ಫೋನು ಮಾಡಿದೆ. ಎರಡು ಬಾರಿಯೂ ಅಕ್ಕನ ಆರೋಗ್ಯ ಕೇಳಿದೆ. ಅಕ್ಕನ ಜೊತೆ ಕೆಲಸ ಮಾಡುತ್ತಿದ್ದು ಅಂದು ಸತ್ತ ತೂಕದ ಮಾಮನ ವಿಷಯ ನಾನು ಎತ್ತಿದ ಕೂಡಲೇ "ಅಮ್ಮ, ಇದೆಲ್ಲ ಫೋನಲ್ಲಿ ಬೇಡ, ಲೈನ್ ಸರಿಯಿಲ್ಲ" ಎಂದು ಇಟ್ಟುಬಿಟ್ಟೆ. ಲೈನು ಸರಿಯಾಗಿಯೇ ಇತ್ತು. ಹಿಂದೆ ನಿನ್ನ ಮಗಳು ಬೊಂಬೆಗೆ ಅನ್ನ ತಿನ್ನಿಸುವ ಮಾತು ಕೂಡ ನನಗೆ ಕೇಳುತ್ತಿತ್ತು. ಆದಕಾರಣ ಈ ಪತ್ರ. ನಿನ್ನ ತಂದೆ ನ್ಯಾಯಾಲಯದ ಎದುರು ಮೇಜು ಹಾಕಿಕೊಂಡು ಜನರ ಅರ್ಜಿ ಬರೆಯುತ್ತಿದ್ದ ಕಾಲದಲ್ಲಿ ಅವುಗಳ ಶುದ್ಧಪ್ರತಿ ಮಾಡುತ್ತಿದ್ದವಳು ನಾನು. ಈ ಕೈಯಿಂದ ಹೋದ ಅರ್ಜಿ ಭಾಷೆಯ ದೋಷಕ್ಕಾಗಿ ಹಿಂದಿರುಗಿದ್ದಿಲ್ಲ. ಹಾಲಿನವನಿಗೆ ಚೀಟಿ ಬರೆದರೂ ಅಮ್ಮ ಕೊನೆಗೆ "ಎಂದು ಪ್ರಾರ್ಥನೆ" ಅಂತ ಸೇರಿಸುತ್ತಾಳೆಂದು ನೀನೂ ಅಕ್ಕನೂ ನಗುತ್ತಿದ್ದಿರಿ. ನಗಿರಿ, ಬೇಡವೆನ್ನಲಿಲ್ಲ. ಆದರೆ ಯಾರು, ಎಲ್ಲಿ, ಏನು ಮಾಡಿದರು ಎಂಬುದನ್ನು ನುಂಗಿಕೊಂಡು ಮುಂದೆ ಹೋಗುವುದಕ್ಕೆ ಆ ಭಾಷೆ ಬಿಡುವುದಿಲ್ಲ. ಈ ದಿನ ನನಗೆ ಬೇಕಾಗಿರುವುದು ಅದೇ.

ವಿಷಯವೇನೆಂದರೆ, ಬರುವ ಗುರುವಾರ ಆಡಳಿತ ಕಟ್ಟಡದ ಸಭಾಂಗಣದಲ್ಲಿ ವಿಚಾರಣೆ ಕೂರುತ್ತದೆ. ತೂಕದ ಮಾಮ ಸತ್ತದ್ದು ಕೆಲಸದ ಮೇಲೋ, ಇಲ್ಲವೇ ಅಪಾಯದ ಸೈರನ್ ಕೂಗುತ್ತಿರುವಾಗ ಎಲ್ಲರಂತೆ ಹೊರಗೆ ಓಡದೆ ತಾನಾಗಿ ಚಹಾ ಕುಡಿಯಲು ಹೋಗಿಯೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಚಹಾ ಕುಡಿಯಲು ಹೋಗಿದ್ದೆಂದು ತೀರ್ಮಾನವಾದರೆ ಅದು ಅವರ ಸ್ವಂತ ತಪ್ಪು. ಅವರ ಹೆಂಡತಿಗೆ ಪಿಂಚಣಿಯಿಲ್ಲ, ಮನೆಯಿಲ್ಲ. ನಮ್ಮ ಸಾಲಿನಲ್ಲೇ, ನಮ್ಮ ನಲ್ಲಿಯಲ್ಲೇ ನೀರು ಹಿಡಿದುಕೊಂಡು ಇಷ್ಟು ಕಾಲ ಬದುಕಿದ ಆ ಹೆಂಗಸು ಪಾತ್ರೆಪಡಗ ಕಟ್ಟಿಕೊಂಡು ಹೊರಡಬೇಕು. ಹೊರಡುವಾಗ ಬಾಗಿಲುಗಳಲ್ಲಿ ನಿಂತ ಜನ ಹೇಳುವುದೇನು? ಗಂಡ ಟೀ ಆಸೆಗೆ ಪ್ರಾಣ ಬಿಟ್ಟ ಎಂದು. ಸದರಿ ಮನುಷ್ಯ ಚಹಾ ಕುಡಿಯಲು ಹೋಗಲಿಲ್ಲವೆಂಬುದು ನಿನಗೆ ಗೊತ್ತು. ಯಾಕೆ ಹೋದರೆಂಬುದೂ ಗೊತ್ತು. ಅದನ್ನು ಹೇಳಿದರೆ ವಿಚಾರಣಾಧಿಕಾರಿಗಳು ತಳ್ಳಿಹಾಕಲಾಗದ ವ್ಯಕ್ತಿ ಈ ಲೋಕದಲ್ಲಿ ಒಬ್ಬನೇ ಇದ್ದಾನೆ, ಅವನು ಈಗ ಈ ಕಾಗದ ಹಿಡಿದುಕೊಂಡಿದ್ದಾನೆ.

ನೀನು ಮರೆತಿರಲಾರೆ, ಆದರೂ ಮರೆತಂತೆ ನಟಿಸಲು ಅವಕಾಶವಾಗದಂತೆ ಎಲ್ಲವನ್ನೂ ಬರೆಯುತ್ತೇನೆ.

ನಿನ್ನ ತಂದೆ ಹೋದ ಮೇಲೆ ಅಕ್ಕ ಒಂದು ಕಾಲು ಗಿಡ್ಡವಾಗಿದ್ದರೂ ಈ ಶೀತಲಗೃಹದ ಕಾರ್ಖಾನೆಗೆ ಸೇರಿದಳು. ಮಹಡಿಯ ಮೇಲೆ ಡಬ್ಬಗಳಿಗೆ ಚೀಟಿ ಅಂಟಿಸುವ ಕೋಣೆ. ಪಕ್ಕದ ತಕ್ಕಡಿಯ ಮುಂದೆ ತೂಕದ ಮಾಮ. ಎದೆ ದುರ್ಬಲ, ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಕುಳಿತರೆ ಮಾತ್ರ ಬಾಯಿಗೆ ಬೀಗವಿಲ್ಲ. ನೀನು ಶಾಲೆ ಮುಗಿಸಿ ಅಕ್ಕನನ್ನು ಕರೆದುಕೊಂಡು ಹೋಗಲು ಬಂದಾಗಲೆಲ್ಲ ನಿನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, "ನಿನ್ನೆಗಿಂತ ಅರ್ಧ ಕೇಜಿ ಜಂಬ ಜಾಸ್ತಿ ಆಗಿದೆಯಲ್ಲೋ" ಎನ್ನುತ್ತಿದ್ದರು. ಆ ಕೋಣೆಯ ಸಂಬಳದಲ್ಲಿ ನೀನು ಓದಿದೆ. ಓದಿ ಅದೇ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯಾಗಿ ಬಂದಾಗ ಮಾಮ ಮಹಡಿಯಿಂದ ಕೆಳಗಿಳಿದು ಬಂದು ನಿನ್ನ ಕೈ ಕುಲುಕಿದರು. ಆ ಮನುಷ್ಯನಿಗೆ ಅದು ಎಷ್ಟು ದೊಡ್ಡ ಪ್ರಯಾಣವೆಂದು ಅಂದು ನಿನಗೆ ತಿಳಿದಿತ್ತು.

ಶೀತಲಗೃಹವನ್ನು ತಣ್ಣಗಿಡುವುದು ಅಮೋನಿಯ, ಅದು ಸೋರಿದರೆ ಕಣ್ಣು, ಗಂಟಲು, ಶ್ವಾಸ ಮೂರಕ್ಕೂ ಬೆಂಕಿ, ಆದ್ದರಿಂದ ಎಲ್ಲರೂ ಹೊರಗೆ ಹೋಗುವುದನ್ನು ಅಭ್ಯಾಸ ಮಾಡಬೇಕು ಎಂದು ನೀನೇ ಮೊದಲು ಹೇಳಿದೆ. ಸರಿಯಾದ ಮಾತು. ಅದಕ್ಕೆ ಮೊದಲು ಯಾವ ಅಧಿಕಾರಿಯೂ ಹೇಳಿರಲಿಲ್ಲ. ನಿನ್ನ ಮೊದಲ ಅಣಕು ಅಭ್ಯಾಸದ ದಿನ ಸೈರನ್ ಕೂಗಿತು. ಮಹಡಿಯ ಜನ ಕೋಣೆಯ ತುದಿಯ ಕಬ್ಬಿಣದ ಹೊರಮೆಟ್ಟಿಲು ಇಳಿದು ಮೈದಾನಕ್ಕೆ ಓಡಿದರು. ಎಲ್ಲರಿಗಿಂತ ಹಿಂದೆ ನಿನ್ನ ಅಕ್ಕ. ಅವಳಿಗಿಂತ ಹಿಂದೆ, ತಿರುವಿಗೊಮ್ಮೆ ಕುಳಿತು ಎದ್ದು ಮಾಮ. ಮೂಟೆ ಹೊರುವ ಹುಡುಗರು "ಪ್ಯಾಸೆಂಜರ್ ಗಾಡಿ ಬಂತು, ದಾರಿ ಬಿಡ್ರಪ್ಪ" ಎಂದು ಕೂಗಿದರು. ಅಕ್ಕ ಸುಮ್ಮನಿರುವವಳೇ? "ಗಾಡಿ ನಿಧಾನ ಆದ್ರೂ ಬೋಗಿ ತುಂಬ ಬುದ್ಧಿ ಇದೆ ಕಣ್ರೋ, ನಿಮ್ಮ ಥರ ಖಾಲಿ ಡಬ್ಬಿ ಅಲ್ಲ" ಎಂದಳಂತೆ. ಕೊನೆಯವರು ಮೈದಾನ ಮುಟ್ಟುವ ಹೊತ್ತಿಗೆ ಹದಿನಾಲ್ಕು ನಿಮಿಷ. ದೊಡ್ಡ ಸಾಹೇಬರು ಕೈಗಡಿಯಾರ ನೋಡಿ ಎಲ್ಲರೆದುರು "ಏನ್ರೀ ಇದು, ಪ್ರಾಣ ಉಳಿಸ್ಕೊಳ್ಳೋಕೆ ಬಂದ್ರಾ, ಮೆರವಣಿಗೆ ಬಂದ್ರಾ? ಮುಂದಿನ ಸಲ ನಾಲ್ಕು ನಿಮಿಷ" ಎಂದರಂತೆ. ಆ ಸಂಜೆ ನೀನು ಊಟ ಬಿಟ್ಟೆ. ಅಕ್ಕ ಮಂಡಿಗೆ ಬಿಸಿನೀರು ಹಾಕಿಕೊಂಡು ಕುಳಿತಿದ್ದಳು.

ಆಗ ಹುಟ್ಟಿದ್ದು ಉಪಚಾರ ತಂಡ. ಓಡಲಾಗದ ಅಕ್ಕನನ್ನೂ ಮಾಮನನ್ನೂ ಆರಿಸಿ ನೀನು ಮಾಡಿದ ಏರ್ಪಾಡು. ಅಭ್ಯಾಸದ ದಿನ ಸೈರನ್ನಿಗೆ ಬಹಳ ಮುಂಚೆಯೇ ಅವರನ್ನು ಮೆಲ್ಲನೆ ಒಳಮೆಟ್ಟಿಲಿನಿಂದ ಕೆಳಗಿಳಿಸುವುದು. ಅಲ್ಲಿ, ಅಮೋನಿಯದ ಯಂತ್ರವಿರುವ ಕಂಪ್ರೆಸರ್ ಕೋಣೆಗೆ ಒತ್ತಿಕೊಂಡಿರುವ ಚಹಾದ ಅಡುಗೆಕೋಣೆಯಲ್ಲಿ ಅವರು ಚಹಾ ಕಾಯಿಸುವುದು, ಲೋಟ ಜೋಡಿಸುವುದು, ಮೈದಾನದ ಮೇಜಿನ ಮೇಲೆ ತಂದಿಡುವುದು. ಆಮೇಲೆ ಸೈರನ್. ಓಡಿ ಬಂದವರಿಗೆ ಸಾಲಾಗಿ ನಿಲ್ಲಿಸಿ ಹಾಜರಿ, ಹಾಜರಿ ಮುಗಿದರೆ ಚಹಾ. ನಾಲ್ಕು ನಿಮಿಷವೆಂದರೆ ನಾಲ್ಕೇ ನಿಮಿಷ. ಕಾರ್ಖಾನೆಯ ಜನ ಅದಕ್ಕೆ ಟೀ ತಂಡವೆಂದು ಹೆಸರಿಟ್ಟರು. ಮಾಮ ತಮ್ಮನ್ನು ತಂಡದ ನಾಯಕರೆಂದು ಕರೆದುಕೊಂಡು ಎಲ್ಲರನ್ನೂ ನಗಿಸಿದರು.

ನಮ್ಮ ಮನೆಯ ಊಟದ ಮೇಜಿನಲ್ಲಿ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ನೋಡಮ್ಮ, ಅಕ್ಕನಿಗೆ ಇನ್ಮೇಲೆ ಆ ಮೆಟ್ಟಿಲ ಕಾಟವೇ ಇಲ್ಲ, ಯಾರೂ ನಗೋ ಹಾಗೂ ಇಲ್ಲ." ನಿನ್ನ ದನಿಯಲ್ಲಿ ಪ್ರೀತಿಯಿತ್ತು. ಇರಲಿಲ್ಲವೆಂದು ನಾನು ಯಾವ ವಿಚಾರಣೆಯಲ್ಲೂ ಹೇಳುವುದಿಲ್ಲ. ಅಕ್ಕ ಮಾತ್ರ ತುತ್ತು ಕೈಯಲ್ಲೇ ಹಿಡಿದು, "ಅಲ್ವೋ, ನಿಜವಾದ ಗ್ಯಾಸು ನನಗೆ ಮುಂಚೆ ಹೇಳಿ ಕಳಿಸಿ ಬರುತ್ತಾ?" ಎಂದು ಕೇಳಿದಳು. ನೀನು ನಕ್ಕು, "ನಿಜವಾದ್ದು ಬಂದ್ರೆ ನಾನೇ ಹೊತ್ಕೊಂಡು ಇಳೀತೀನಿ ಬಿಡು" ಎಂದೆ. ಅವಳೂ ನಕ್ಕಳು. ಮುಂದಿನ ಅಭ್ಯಾಸಕ್ಕೆ ಕಂಪನಿಯ ಎಲ್ಲ ಕಾರ್ಖಾನೆಗಳಲ್ಲಿ ನಮ್ಮದೇ ಮೊದಲೆಂದು ಫಲಕ ಬಂತು. ಕುಟುಂಬದವರನ್ನೆಲ್ಲ ಕರೆದು ಮೈದಾನದಲ್ಲಿ ಅದನ್ನು ನಿನ್ನ ಕೈಗಿತ್ತರು. ಮಾಮ ಟ್ರೇ ಹಿಡಿದುಕೊಂಡೇ ಚಪ್ಪಾಳೆ ತಟ್ಟಲು ಹೋಗಿ ಎರಡು ಲೋಟ ಒಡೆದರು. ಆ ಫಲಕದ ಬಲದ ಮೇಲೆ ನಿನಗೆ ಕೇಂದ್ರ ಕಚೇರಿಗೆ ಬಡ್ತಿಯಾಯಿತು. ಈಗ ನಿನ್ನ ಕೆಲಸವೇನು? ಉಳಿದೆಲ್ಲ ಕಾರ್ಖಾನೆಗಳಿಗೂ ಹೋಗಿ ನಾಲ್ಕು ನಿಮಿಷದ ಯೋಜನೆಯನ್ನು ಕಲಿಸುವುದು.

ಇನ್ನು ಆ ದಿನದ ಸಂಗತಿ. ಆಸ್ಪತ್ರೆಯಲ್ಲಿ ಅಕ್ಕ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು, ಪಿಸುಗುಟ್ಟಿ, ಅತ್ತು, ಮತ್ತೆ ಬರೆದು ತಿಳಿಸಿದ್ದು ಇದು. ಬೆಳಗಿನ ಪಾಳಿ ಅರ್ಧವಾಗಿತ್ತು. ಕಂಪ್ರೆಸರ್ ಕೋಣೆಯಲ್ಲಿ ಎಣ್ಣೆ ಇಳಿಸುವಾಗ ತೆರೆದ ವಾಲ್ವ್ ಮತ್ತೆ ಮುಚ್ಚಿಕೊಳ್ಳಲಿಲ್ಲ, ಅಮೋನಿಯ ಹೊರನುಗ್ಗಿತು. ಅಲ್ಲಿದ್ದ ಇಬ್ಬರು ಹೊರಗೆ ಜಿಗಿದು ಸೈರನ್ ಒತ್ತಿದರು. ಆ ಮಟ್ಟಿಗೆ ನಿನ್ನ ಯೋಜನೆ ಸರಿಯಾಗಿ ನಡೆಯಿತು. ಮಹಡಿಯ ಮೇಲೆ ಎಲ್ಲರೂ ಹೊರಮೆಟ್ಟಿಲಿಗೆ ಓಡಿದರು. ಅಕ್ಕನ ಮೇಜಿನಿಂದ ಆ ಬಾಗಿಲು ಕಾಣುತ್ತದೆ. ಆದರೆ ತೂಕದ ಮಾಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಎದ್ದು ನಿಂತು ಹೇಳಿದ್ದೇನು ಗೊತ್ತೇ? "ಅಯ್ಯೋ ಮಗಳೇ, ಇವತ್ತು ಡ್ರಿಲ್ ಅಂತ ನಮಗೆ ಯಾರೂ ಹೇಳ್ಲೇ ಇಲ್ವಲ್ಲ! ಟೀಗೆ ನೀರೂ ಇಟ್ಟಿಲ್ಲ. ನಿನ್ನ ತಮ್ಮನ ಮರ್ಯಾದೆ ಹೋಗುತ್ತೆ, ನಡಿ ನಡಿ."

ಈ ವಾಕ್ಯವನ್ನು ಇನ್ನೊಮ್ಮೆ ಓದು. ನೀನು ಇಲ್ಲಿಂದ ಹೋಗಿದ್ದರೂ ಈ ಅಭ್ಯಾಸ ನಿನ್ನದೇ ಎಂದು ಆ ಮುದುಕ ಭಾವಿಸಿದ್ದರು. ಸೈರನ್ ಎಂದರೆ ಹೊರಗೆ ಓಡು ಎಂದು ಉಳಿದವರ ಕಾಲಿಗೆ ನೀನು ಕಲಿಸಿದ್ದೆ. ಸೈರನ್ ಎಂದರೆ ಚಹಾ ಸಿದ್ಧವಾಗಿರಬೇಕು ಎಂದು ಇವರ ಕಾಲಿಗೆ ಕಲಿಸಿದ್ದೆ. ಎರಡು ಪಾಠವೂ ಚೆನ್ನಾಗಿ ತಲೆಗೆ ಹತ್ತಿತ್ತು. ಎಂದೂ ಅವಸರ ಮಾಡದ ಮನುಷ್ಯ ಅಂದು ಅವಸರ ಮಾಡಿದರು. ಒಳಮೆಟ್ಟಿಲು ಇಳಿದರು. ನಿನ್ನ ಅಕ್ಕ ಗೋಡೆ ಹಿಡಿದುಕೊಂಡು ಹಿಂದೆಯೇ ಇಳಿಯುತ್ತ, "ಮಾಮ, ಟೀ ಹಾಳಾಗಿ ಹೋಗ್ಲಿ, ಇದು ಬೇರೆ ವಾಸನೆ, ತಿರುಗಿ ಬನ್ನಿ" ಎಂದು ಕೂಗಿದಳು. ಅವಳ ಬಾಯಿಂದ ಗಟ್ಟಿಯಾಗಿ ಬಂದ ಕೊನೆಯ ಮಾತು ಅದು. ಅಡುಗೆಕೋಣೆಯ ಬಾಗಿಲಿನಲ್ಲಿ ಬಿಳಿ ಹೊಗೆ ನೆಲದ ಮೇಲೆಯೇ ತೆವಳಿಕೊಂಡು ಬರುತ್ತಿತ್ತಂತೆ. ಕಣ್ಣಿಗೆ ಖಾರ ಎರಚಿದ ಹಾಗೆ, ಗಂಟಲಿಗೆ ಕಾದ ಕಡ್ಡಿ ಇಟ್ಟ ಹಾಗೆ ಎಂದು ಅಂಗೈ ಮೇಲೆ ಬರೆದಳು. ನಲ್ಲಿ ಕೈಗೆ ಸಿಕ್ಕಿತು. ಏಪ್ರನ್ ಒದ್ದೆ ಮಾಡಿ ಮುಖಕ್ಕೆ ಒತ್ತಿಕೊಂಡು ಕಿಟಕಿಯ ಕೆಳಗೆ ಬಿದ್ದಳು. ಮಾಮನ ಏಪ್ರನ್ನನ್ನೂ ಎಳೆಯಲು ನೋಡಿದಳಂತೆ, ಗಂಟು ಬಿಚ್ಚಲಿಲ್ಲ.

ಅತ್ತ ಮೈದಾನದಲ್ಲಿ ಏನಾಗುತ್ತಿತ್ತೆಂದು ತಿಳಿದರೆ ನಿನಗೆ ಊಟ ಸೇರಲಾರದು. ಸೇರದಿರಲಿ. ಎಲ್ಲರೂ ಸಾಲಾಗಿ ನಿಂತರು. ಮೇಲ್ವಿಚಾರಕ ವಿಭಾಗವಾರು ಹಾಜರಿ ಕೂಗಿದ. ಚೀಟಿ ವಿಭಾಗ, ಹಾಜರು. ಪ್ಯಾಕಿಂಗ್, ಹಾಜರು. ಉಪಚಾರ ತಂಡ ಎಂದು ಕೂಗಿ, ತಲೆಯೆತ್ತದೆ ತಾನೇ "ಹಾಜರು" ಎಂದ. ಯಾಕೆಂದರೆ ಪ್ರತಿ ಸಲವೂ ಅವರು ಮೊದಲೇ ಅಲ್ಲಿರುತ್ತಿದ್ದರು. ಅವರನ್ನು ಎಣಿಸುವ ಪದ್ಧತಿಯೇ ಇರಲಿಲ್ಲ. ಮೇಜು ಖಾಲಿಯಿತ್ತು, ಯಾರೂ ಮೇಜಿನ ಕಡೆ ನೋಡಲಿಲ್ಲ. ಯಾರೋ ಕೈಗಡಿಯಾರ ನೋಡಿ "ನಾಲ್ಕಕ್ಕಿಂತ ಕಮ್ಮಿ ಕಣ್ರೋ" ಎಂದ, ಕೆಲವರು ಕೇಕೆ ಹಾಕಿದರು. ಆ ಕೇಕೆ ನಮ್ಮ ಮನೆಯ ಹಿತ್ತಲಿಗೆ ಕೇಳಿಸಿತು. ನಾನು ಬಟ್ಟೆ ಹರವುತ್ತಿದ್ದೆ. ಅಭ್ಯಾಸವೆಂದುಕೊಂಡೆ.

ಅಕ್ಕನನ್ನು ಉಳಿಸಿದವನು ಕಾರ್ಖಾನೆಯವನಲ್ಲ. ಸರಕು ತುಂಬಿಸಿಕೊಳ್ಳಲು ಬಂದ ಯಾವುದೋ ಊರಿನ ಲಾರಿ ಚಾಲಕ. ನಿನ್ನ ಯೋಜನೆಯನ್ನು ಕಂಡವನಲ್ಲ, ಕೇಳಿದವನಲ್ಲ. ಹಿಂದಿನ ಗೋಡೆಯ ಪಕ್ಕ ನಿಂತಿದ್ದವನಿಗೆ ಕಿಟಕಿಯ ಸರಳಿನ ಮೇಲೆ ಏನೋ ಬಡಿಯುವ ಸದ್ದು ಕೇಳಿಸಿತು. ಜಾಕ್ ರಾಡು ಹಾಕಿ ಸರಳು ಕಿತ್ತು ಅವಳನ್ನು ಎಳೆದುಕೊಂಡ. "ಇನ್ನೊಬ್ರು ಇದಾರೆ" ಎಂದು ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಧ್ವನಿ ಅಷ್ಟರಲ್ಲೇ ಹೋಗಿತ್ತು. ಬೆರಳು ತೋರಿಸಿದಳು. ಅವನು ಮತ್ತೆ ಒಳಗೆ ಹೋದ. ಹೋದದ್ದಕ್ಕೆ ಅವನಿಗೂ ಕೆಮ್ಮು ಹಿಡಿದಿದೆ. ಮಾಮನನ್ನು ಹೊರಗೆ ತಂದ, ಜೀವವನ್ನು ತರಲಾಗಲಿಲ್ಲ.

ಅಡುಗೆಕೋಣೆಯ ಕಟ್ಟೆಯ ಮೇಲೆ ಟ್ರೇಗಳಲ್ಲಿ ಲೋಟಗಳನ್ನು ಜೋಡಿಸಲಾಗಿತ್ತು. ಇದನ್ನೇ ಹಿಡಿದುಕೊಂಡು ಆಡಳಿತದವರು, ಮೃತರು ಚಹಾ ಸೇವನೆಗಾಗಿ ಅಲ್ಲಿಗೆ ತೆರಳಿದ್ದು ಲೋಟಗಳಿಂದ ಸ್ಪಷ್ಟವಾಗುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಸ್ವಾಮಿ, ನಾನು ಕೇಳುವುದಿಷ್ಟೇ: ಇಡೀ ಪಾಳಿಗೆ ಸಾಕಾಗುವಷ್ಟು ಲೋಟವಿತ್ತು. ಒಬ್ಬ ಮನುಷ್ಯ ತಾನು ಒಂದು ಗುಟುಕು ಕುಡಿಯುವುದಕ್ಕೆ ಇಡೀ ಪಾಳಿಯ ಲೋಟ ಜೋಡಿಸುತ್ತಾನೆಯೇ? ಕಣ್ಣು ಉರಿಯುತ್ತಿರುವಾಗ, ಉಸಿರು ನಿಲ್ಲುತ್ತಿರುವಾಗ ಆ ಮುದುಕ ಮಾಡಿದ ಕೊನೆಯ ಕೆಲಸ ಲೋಟ ಜೋಡಿಸುವುದು. ಓಡಿ ಬಂದವರಿಗೆ ಬಾಯಾರಿಕೆ ಆಗಬಾರದೆಂದು, ನಿನ್ನ ಮರ್ಯಾದೆ ಹೋಗಬಾರದೆಂದು. ಅದನ್ನು ಇವರು ಹೊಟ್ಟೆಬಾಕತನ ಮಾಡಿದರು. ಇಂಥ ವಾಕ್ಯವನ್ನು ನಿನ್ನ ತಂದೆಯ ಎದುರು ಯಾರಾದರೂ ಹೇಳಿ ಅರ್ಜಿ ಬರೆಯಿರಿ ಎಂದಿದ್ದರೆ ಅವರು ಮೇಜು ಮಡಚಿಕೊಂಡು ಎದ್ದುಹೋಗುತ್ತಿದ್ದರು.

ಮಾಮನ ಹೆಂಡತಿ ಅಳುವುದನ್ನು ನಿಲ್ಲಿಸಿದ್ದಾಳೆ. ಅದಕ್ಕೇ ನನಗೆ ಹೆಚ್ಚು ಭಯ. ನಿನ್ನೆ ನಮ್ಮ ಹೊಸ್ತಿಲ ಮೇಲೆ ಕುಳಿತು ನನ್ನನ್ನು ಒಂದೇ ಮಾತು ಕೇಳಿದಳು: "ಅಕ್ಕ, ಡಾಕ್ಟ್ರು ಬೇಡ ಅಂದಾಗಿಂದ ಅವ್ರು ಟೀ ಮುಟ್ಟಿದ್ದೇ ಇಲ್ಲ. ಮನೇಲಿ ನಾನು ಕುಡಿದ್ರೂ ಮುಖ ಆ ಕಡೆ ತಿರುಗಿಸ್ಕೊಳ್ಳೋರು, ಆಸೆ ಆಗುತ್ತೆ ಅಂತ. ಅಂಥೋರು ಸಾಯೋ ಹೊತ್ತಲ್ಲಿ ಟೀಗೆ ಹೋದ್ರು ಅಂತ ಇವ್ರಿಗೆ ಯಾರು ಹೇಳಿದ್ರು?" ನಾನು ಅರ್ಜಿಗಳ ನಡುವೆ ಮುದುಕಿಯಾದವಳು. ಎಂಥ ಪ್ರಶ್ನೆಗೂ ಒಂದು ಉತ್ತರ ಬರೆಯಬಲ್ಲೆ. ಆ ಹೆಂಗಸಿನ ಪ್ರಶ್ನೆಯನ್ನು ಮಾತ್ರ ನಿನಗೇ ಕಳುಹಿಸುತ್ತಿದ್ದೇನೆ. ಯಾಕೆಂದರೆ ಉತ್ತರ ನಿನ್ನ ಬಳಿ ಇದೆ.

ಇಲ್ಲಿ ಬೇರೆ ಸಾಕ್ಷಿಗಳಿಲ್ಲವೇ ಎಂದು ಕೇಳಬೇಡ. ಇಡೀ ಕಾರ್ಖಾನೆ ಸಾಕ್ಷಿ. ಮೇಲ್ವಿಚಾರಕನನ್ನು ನಾನೇ ದಾರಿಯಲ್ಲಿ ನಿಲ್ಲಿಸಿ ಕೇಳಿದೆ. "ಅಮ್ಮ, ನನಗೂ ಹೆಂಡತಿ ಮಕ್ಕಳಿದಾರೆ, ಕೈ ಮುಗೀತೀನಿ" ಎಂದು ಸೈಕಲ್ಲು ತಿರುಗಿಸಿಕೊಂಡ. ಪ್ಯಾಸೆಂಜರ್ ಗಾಡಿ ಎಂದು ನಕ್ಕಿದ್ದ ಹುಡುಗರು ಸಂಜೆ ಬಂದು ಅಕ್ಕನ ಕಾಲ ಬಳಿ ಕುಳಿತು ಅತ್ತು ಹೋದರು. ಗುರುವಾರ ಬಂದು ಹೇಳುತ್ತೀರಾ ಎಂದರೆ ಚಪ್ಪಲಿ ಹುಡುಕತೊಡಗಿದರು. ನಿನ್ನ ಅಕ್ಕ ಹೇಳುತ್ತಾಳೆ. ಆದರೆ ಸಭಾಂಗಣದಲ್ಲಿ ಅವಳ ಪಿಸುಮಾತು ಮೊದಲ ಸಾಲಿಗೂ ಮುಟ್ಟುವುದಿಲ್ಲ. ಮುಟ್ಟಿದರೂ, ಅವಳೂ ಅಡುಗೆಕೋಣೆಗೆ ಹೋದವಳೇ, ತನ್ನನ್ನು ಉಳಿಸಿಕೊಳ್ಳಲು ಹೇಳುತ್ತಾಳೆ ಎಂದು ಪಕ್ಕಕ್ಕಿಡುತ್ತಾರೆ.

ನಿನ್ನ ಮೇಲೆ ನನಗೆ ಸಿಟ್ಟು ಬಂದಿರುವುದು ನೀನು ತಂಡ ಮಾಡಿದ್ದಕ್ಕಷ್ಟೇ ಅಲ್ಲ. ಮಾಡುವಾಗ ನಿನ್ನ ಮನಸ್ಸಿನಲ್ಲಿ ಅಕ್ಕನ ಮಂಡಿಯೂ ಇತ್ತು, ಸಾಹೇಬರ ಕೈಗಡಿಯಾರವೂ ಇತ್ತು. ಯಾವುದು ಎಷ್ಟು ಎಂದು ತೂಗಿ ಹೇಳಬೇಕಾದ ಮನುಷ್ಯ ಈಗ ಇಲ್ಲ. ಸಿಟ್ಟಿರುವುದು, ಹದಿನಾಲ್ಕು ನಿಮಿಷವೇ ಈ ಕಾರ್ಖಾನೆಯ ನಿಜವೆಂದು ಗೊತ್ತಿದ್ದೂ ನಾಲ್ಕು ನಿಮಿಷದ ಸುಳ್ಳಿಗೆ ನೀನು ಕೈಯೊಡ್ಡಿ ಫಲಕ ತೆಗೆದುಕೊಂಡದ್ದಕ್ಕೆ. ಆ ಹದಿನಾಲ್ಕನ್ನು ಸಾಹೇಬರ ಮುಂದಿಟ್ಟು, ಇವರಿಬ್ಬರನ್ನು ಕೆಳಗಿನ ಕೋಣೆಗೆ ಹಾಕಿ, ಇಲ್ಲವೇ ಹೊತ್ತು ಇಳಿಸಲು ಗಟ್ಟಿಗರನ್ನು ಗೊತ್ತು ಮಾಡಿ, ಅವರನ್ನು ಮೊದಲು ಎಣಿಸಿ, ಆಮೇಲೆ ಓಡುವವರನ್ನು ಎಣಿಸಿ ಎನ್ನಬೇಕಾಗಿತ್ತು. ಓಡಬಲ್ಲವನು ಯೋಜನೆಯಿಲ್ಲದಿದ್ದರೂ ಓಡುತ್ತಾನಪ್ಪ. ಯೋಜನೆ ಬೇಕಾಗಿರುವುದು ಓಡಲಾಗದವನಿಗೆ. ಅವನನ್ನೇ ಹೊರಗಿಟ್ಟು ಯೋಜನೆ ಮಾಡಿ, ಅದಕ್ಕೆ ಉಪಚಾರವೆಂದು ಹೆಸರಿಟ್ಟೆಯಲ್ಲ! ಇನ್ನೂ ಹೆಚ್ಚಿನ ಸಿಟ್ಟು ಏನೆಂದರೆ, ಮುಂದಿನ ತಿಂಗಳು ನೀನು ಇನ್ನೊಂದು ಕಾರ್ಖಾನೆಗೆ ಹೋಗಿ ಅಲ್ಲಿಯ ಕುಂಟರನ್ನೂ ಮುದುಕರನ್ನೂ ಆರಿಸಿ ಕೈಗೆ ಟ್ರೇ ಕೊಡುತ್ತೀಯ. ಅಲ್ಲಿಯೂ ಒಬ್ಬ ಮಾಮ ಇರುತ್ತಾನೆ.

ಆದ್ದರಿಂದ ನನ್ನ ಪ್ರಾರ್ಥನೆ. ಅರ್ಜಿಯ ಪ್ರಾರ್ಥನೆಯಲ್ಲ, ತಾಯಿಯದು. ಆದರೆ ಅಷ್ಟೇ ಕಟ್ಟುನಿಟ್ಟಿನದು. ಪತ್ರ ನಾಳೆಯೇ ನಿನ್ನ ಕೈ ಸೇರುತ್ತದೆ, ಬುಧವಾರವೇ ಹೊರಟು ಬಾ. ಗುರುವಾರ ಸಭಾಂಗಣದಲ್ಲಿ ಎದ್ದು ನಿಂತು, ಈ ತಂಡವನ್ನು ಮಾಡಿದವನು ನಾನು, ಸೈರನ್ ಎಂದರೆ ಅಡುಗೆಕೋಣೆಯಲ್ಲಿ ಚಹಾ ಸಿದ್ಧವಾಗಿರಬೇಕೆಂದು ಅವರಿಗೆ ಅಭ್ಯಾಸ ಮಾಡಿಸಿದವನು ನಾನು, ಅವರು ಕೆಲಸದ ಮೇಲೆ ಸತ್ತರು ಎಂದು ಮೂರು ವಾಕ್ಯ ಹೇಳು. ನಾಲ್ಕನೆಯದು ಬೇಡ. ಕೆಲಸ ಹೋಗಬಹುದು. ಹೋದರೆ ಬಾ, ಈ ಮನೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿದೆ; ಅಕ್ಕ ಒಬ್ಬಳ ಸಂಬಳದಲ್ಲಿ ನಾವು ಮೂವರು ಮೊದಲೂ ಉಂಡಿದ್ದೇವೆ. ನೀನು ಸುಮ್ಮನಿರುವುದು ಭಯಕ್ಕೆ, ಕೆಟ್ಟತನಕ್ಕಲ್ಲ ಎಂದು ನಾನು ನಂಬಿದ್ದೇನೆ. ಭಯ ಎಲ್ಲರಿಗೂ ಬರುತ್ತದೆ. ಬಾಯಿ ತೆರೆದರೆ ಅರ್ಧ ಹೋಗುತ್ತದೆ, ಉಳಿದರ್ಧಕ್ಕೆ ನಾನು ಪಕ್ಕದಲ್ಲಿ ಕುಳಿತಿರುತ್ತೇನೆ.

ಸೊಸೆಗೆ ನನ್ನ ಆಶೀರ್ವಾದ. ಮೊಮ್ಮಗಳ ಕೆನ್ನೆಗೆ ಅಜ್ಜಿಯ ಒಂದು ಮುತ್ತು. ಅಕ್ಕ ತನ್ನ ಕಡೆಯಿಂದ ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ಅವನು ಊಟ ಬಿಟ್ಟಿರ್ತಾನೆ, ಮೊದ್ಲು ಅದನ್ನ ಬರಿ" ಎಂದು ಪಿಸುಗುಟ್ಟಿದಳು. ಬರೆದಿದ್ದೇನೆ.

ನಿನ್ನ ಒಳ್ಳೆಯದನ್ನೇ ಬಯಸುವ, ಆದರೆ ಈ ದಿನ ನಿನ್ನ ಮೇಲೆ ಕೋಪಗೊಂಡಿರುವ
ನಿನ್ನ ತಾಯಿ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ನಿಮ್ಮ ಸಹಾಯಕ ಮ್ಯಾನೇಜರು ಹಣ್ಣಿನ ಚೀಲ ಹಿಡಿದುಕೊಂಡು ಅಕ್ಕನನ್ನು ನೋಡಲು ಬಂದರು. ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕೆಡಲಿ. ಕುಳಿತು, ನೀರು ಕುಡಿದು, ನಾನು ಗುರುವಾರದ ಮಾತು ತೆಗೆದ ಕೂಡಲೇ ಅವರು ನಗುತ್ತ ಹೇಳಿದ್ದು: "ಅಯ್ಯೋ ಅಮ್ಮ, ನಿಮ್ಮ ಮಗ ಮೊನ್ನೇನೇ ಫೋನಲ್ಲಿ ಹೇಳಿಬಿಟ್ಟಿದಾರಲ್ಲ, ಟೀ ತಂಡ ಅಂತ ಒಂದು ಇರ್ಲೇ ಇಲ್ಲ ಅಂತ. ಇನ್ನು ನೀವ್ಯಾಕೆ ತಲೆ ಕೆಡಿಸ್ಕೋತೀರಾ?" ಹಣ್ಣಿನ ಚೀಲವನ್ನು ಅವರ ಕೈಗೇ ಕೊಟ್ಟು ಕಳುಹಿಸಿದೆ. ಅಂದರೆ ನೀನು ಸುಮ್ಮನಿರಲಿಲ್ಲ. ನನ್ನ ಬಳಿ ಲೈನು ಸರಿಯಿರಲಿಲ್ಲ, ಅವರ ಬಳಿ ಸರಿಯಿತ್ತು. ಮೇಲೆ ಬರೆದದ್ದರಲ್ಲಿ ನೀನು ಭಯಕ್ಕೆ ಸುಮ್ಮನಿದ್ದೀ ಎಂಬ ವಾಕ್ಯವನ್ನು ಹೊಡೆದುಹಾಕಬೇಕಾಗಿತ್ತು. ಹಾಕಿಲ್ಲ, ಓದಿ ನಾಚಿಕೊಳ್ಳಲೆಂದು ಹಾಗೇ ಬಿಟ್ಟಿದ್ದೇನೆ. ಪಕ್ಕದ ಕೋಣೆಯಲ್ಲಿ ಅಕ್ಕನಿಗೆ ಎಲ್ಲವೂ ಕೇಳಿಸಿದೆ, ಅವಳ ಕಿವಿಗೆ ಏನೂ ಆಗಿಲ್ಲ. ಕರೆದು ನನ್ನ ಕೈ ಹಿಡಿದು, "ಅವನು ಹಾಗೆ ಹೇಳಿರಲ್ಲಮ್ಮ, ಇವ್ರೇ ಸುಳ್ಳು ಹೇಳ್ತಿದಾರೆ" ಎಂದಳು. ಇಷ್ಟು ಮಾತಿಗೆ ಅವಳಿಗೆ ಎಷ್ಟು ಕೆಮ್ಮು ಬಂತೆಂದು ನಿನಗೆ ಬರೆದು ಪ್ರಯೋಜನವಿಲ್ಲ. ಗುರುವಾರ ಅವಳೂ ಮಾಮನ ಹೆಂಡತಿಯೂ ನಾನೂ ಸಭಾಂಗಣಕ್ಕೆ ಹೋಗುತ್ತೇವೆ. ನನ್ನ ಧ್ವನಿ ಚೆನ್ನಾಗಿದೆ, ಕೊನೆಯ ಸಾಲಿಗೂ ಮುಟ್ಟುತ್ತದೆ. ಆ ತಂಡ ಮಾಡಿದವರು ಯಾರೆಂದು ಅಧಿಕಾರಿಗಳು ಕೇಳಿದರೆ ನನ್ನ ಮಗ ಎನ್ನುತ್ತೇನೆ. ಅಂಥ ತಂಡವೇ ಇರಲಿಲ್ಲವೆಂದು ಹೇಳಿದವರು ಯಾರೆಂದು ಕೇಳಿದರೂ ಅದೇ ಉತ್ತರ ಕೊಡುತ್ತೇನೆ. ನನಗಿಂತ ಮೊದಲು ನೀನು ಎದ್ದು ನಿಂತರೆ ಆ ಎರಡನೆಯ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳುವುದಿಲ್ಲ.